ಹನ್ನೊಂದು ತಾಸಿನ ಮೂಲಲಿಪಿ

ಮೂಲಶೋಧಕವು ಕೆಂಪು ದೀಪ ಹಚ್ಚಿ, ತಣ್ಣಗೆ ಒಂದು ಹೆಸರು ಹೇಳಿತು. ಹುಬ್ಬಳ್ಳಿಯ ‘ಕರ್ಣಿಕಾ’ ಶ್ರವಣಯಂತ್ರಗಳ ಕಾರ್ಖಾನೆಯಲ್ಲಿ ಆ ಹೆಸರನ್ನು ಯಾರೂ ಕೇಳಿರಲಿಲ್ಲ.

ಅದು ೨೦೬೪ನೆಯ ಇಸವಿ. ತಂತ್ರಾಂಶವಿರುವ ಯಾವ ವಸ್ತುವೂ ಮೂಲಶೋಧಕದ ಮುದ್ರೆಯಿಲ್ಲದೆ ಮಾರಾಟವಾಗುವಂತಿರಲಿಲ್ಲ. ತಂತ್ರಾಂಶ ಬರೆದವರ ಹೆಸರನ್ನು ಅಳಿಸಿಹಾಕಿದರೂ, ಬರವಣಿಗೆಯ ರೂಢಿಯಿಂದಲೇ ಅದು ಅವರನ್ನು ಗುರುತಿಸುತ್ತಿತ್ತು. ಉಸಿರು ಎಳೆಯುವ ಜಾಗದಿಂದ ಹಾಡುಗಾರ ಯಾರೆಂದು ಹೇಳುವವರಿಲ್ಲವೇ, ಹಾಗೆ. ಅವರು ತಮ್ಮ ಕೆಲಸವನ್ನು ಯಾವ ಷರತ್ತಿನ ಮೇಲೆ ಲೋಕಕ್ಕೆ ಬಿಟ್ಟರೆಂಬುದನ್ನೂ ಹೇಳುತ್ತಿತ್ತು. ಷರತ್ತು ಪಾಲಿಸಿದರೆ ಹಸಿರು ದೀಪ, ಮುದ್ರೆ. ಮುದ್ರೆಯ ಕೆಳಗೆ ರುಜು ಹಾಕುವವಳು ಕಾರ್ಖಾನೆಯ ಪರವಾನಗಿ ಪಾಲನಾಧಿಕಾರಿ ಪಂಕಜಾ ನಾಡಿಗೇರ.

ಶ್ರವಣಯಂತ್ರದ ತಂತ್ರಾಂಶದಲ್ಲಿ ಗದ್ದಲದೊಳಗಿಂದ ಒಂದೇ ದನಿಯನ್ನು ಹೆಕ್ಕಿ ಕೊಡುವ ಭಾಗ, ಆ ಅಪರಿಚಿತನದು. ಯಾರು ಬೇಕಾದರೂ ಬಳಸಬಹುದು. ಆದರೆ ಮೂಲಲಿಪಿಯನ್ನು, ಅಂದರೆ ಯಂತ್ರ ಹೀಗೆ ಹೀಗೆ ಮಾಡತಕ್ಕದ್ದು ಎಂದು ಬರೆದ ಬರಹವನ್ನು, ಕೊಂಡವರಿಗೆಲ್ಲ ಕೊಡಬೇಕು ಎಂಬುದು ಅವನ ಷರತ್ತು. ಕಾರ್ಖಾನೆಯ ಧಣಿ ಗುರುಶಾಂತಪ್ಪ ಕಲಘಟಗಿಯವರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ.

“ಅಡಗಿ ಉಣಬಡಿಸಂದ್ರ ಬಡಸ್ತೀನ್ರಿ. ಒಲಿ ಕಿತ್ತು ಕೊಡು ಅಂದ್ರ ಹೆಂಗ?”

“ಒಲಿ ನಮ್ಮದಲ್ಲಲ್ರೀ ಸರ್,” ಎಂದಳು ಪಂಕಜಾ.

ಕಲಘಟಗಿಯವರು ಎರಡು ದಿನ ಯೋಚಿಸಿ ಉಪಾಯ ಕಂಡುಕೊಂಡರು. ಕೊಡಬೇಕೆಂದಿದೆಯೇ ಹೊರತು ಕಾಗದದಲ್ಲೇ ಕೊಡಬೇಕೆಂದಿಲ್ಲ. ಮೂಲಲಿಪಿಯನ್ನು ಕನ್ನಡಕ್ಕೆ ಇಳಿಸಿ, ಯಂತ್ರದ ದನಿಯಲ್ಲಿ ಓದಿಸಿ, ಶ್ರವಣಯಂತ್ರದೊಳಗೇ ತುಂಬಿಸಿದರು. ಒಟ್ಟು ಹನ್ನೊಂದು ತಾಸು. ಯಾವ ಪುಣ್ಯಾತ್ಮ ಕೇಳುತ್ತಾನೆ ಎಂಬುದು ಅವರ ಧೈರ್ಯ. ದೀಪ ಹಸಿರಾಯಿತು. ಹನ್ನೆರಡು ಸಾವಿರ ಯಂತ್ರಗಳು ಜನರ ಕಿವಿ ಸೇರಿದವು.

ಮೂರು ವಾರಕ್ಕೆ ದೂರುಗಳು ಬರತೊಡಗಿದವು. ಮಧ್ಯಾಹ್ನವಾಗುತ್ತಲೇ ಎಡಗಿವಿಯ ಯಂತ್ರ ಮೂಕವಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ತಂತ್ರಜ್ಞರು ಎಂಟು ದಿನ ಹುಡುಕಿದರು, ಕಾರಣ ಸಿಗಲಿಲ್ಲ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹನ್ನೆರಡು ಸಾವಿರ ಜನ ಅರ್ಧ ಮಾತು ಕೇಳಿ ಪೂರ್ತಿ ತಲೆಯಾಡಿಸುತ್ತಿದ್ದಾರೆ ಎಂಬುದನ್ನು ನೆನೆದು, ಅದಕ್ಕೆಲ್ಲ ರುಜು ಹಾಕಿದ್ದ ಪಂಕಜಾಳಿಗೆ ಊಟ ಸೇರುತ್ತಿರಲಿಲ್ಲ.

ಒಂಬತ್ತನೆಯ ದಿನ ಮುಂಡರಗಿಯಿಂದ ಶಿವಗಂಗವ್ವ ಎಂಬ ಮುದುಕಿಯ ಕರೆ ಬಂತು. ನಲವತ್ತು ವರ್ಷ ಮಠದಲ್ಲಿ ಪುರಾಣ ಕೇಳಿದವಳು. ಕಿವಿಯೊಳಗೆ ಏನೋ ಓದುತ್ತಿದ್ದಾರಲ್ಲ ಎಂದು ದಿನಾ ಮುಂಜಾನೆ ಸ್ನಾನ ಮಾಡಿ ಒಂದೊಂದು ತಾಸು ಕೇಳಿದ್ದಳು. ಅರ್ಥವಾಗಿರಲಿಲ್ಲ, ಮೊದಲ ಸಲ ಪುರಾಣವೂ ಆಗುವುದಿಲ್ಲ. ಎರಡನೆಯ ಸುತ್ತಿಗೆ ಕಿವಿಗೆ ಕೂತಿತ್ತು.

“ಎಲ್ಲಾ ಕಡೆ ‘ಎಡದ್ದು ಹಿಡಿ’ ಅಂತಾನ, ಆಮ್ಯಾಲ ‘ಎಡದ್ದು ಬಿಡು’ ಅಂತಾನ. ಒಂಬತ್ತನೇ ತಾಸಿನಾಗ ಹಿಡಿ ಅಂದಾಂವ ಬಿಡು ಅನ್ನಲೇ ಇಲ್ಲ. ಹಂಗ ಹಿಡಕೊಂಡ ಕುಂತಾನ್ನೋಡ ತಂಗಿ.”

ತಂತ್ರಜ್ಞರು ನೋಡಿದರು. ಎಡಗಿವಿಯ ದನಿಯನ್ನು ಹಿಡಿದಿಟ್ಟುಕೊಳ್ಳುವ ಆಜ್ಞೆಯಿತ್ತು, ಬಿಡುವ ಆಜ್ಞೆಯಿರಲಿಲ್ಲ; ಮುಂಜಾನೆಯಿಂದ ಹಿಡಿದದ್ದು ಮಧ್ಯಾಹ್ನಕ್ಕೆ ತುಂಬಿ ನಿಲ್ಲುತ್ತಿತ್ತು. ಒಂದು ಸಾಲು ಸೇರಿಸಿದರು. ತಿದ್ದಿದ ತಂತ್ರಾಂಶವನ್ನು ಇಟ್ಟೊಡನೆ ಮೂಲಶೋಧಕ ಮತ್ತೆ ಕೆಂಪಾಯಿತು.

ಆ ಅಪರಿಚಿತನ ಪರವಾನಗಿಯ ಕೊನೆಯ ಕಲಮನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಪ್ಪು ತೋರಿಸಿದವರೂ ಕರ್ತೃಗಳೇ. ಅವರು ತಮ್ಮದೊಂದು ಷರತ್ತು ಸೇರಿಸಬಹುದು, ಮುಂದೆ ಬಳಸುವವರೆಲ್ಲ ಅದನ್ನು ಪಾಲಿಸಬೇಕು. ಪಂಕಜಾ ಮುಂಡರಗಿಗೇ ಹೋಗಿ, ಬಲಗಿವಿಯ ಕಡೆ ಕೂತು, ನಿಮ್ಮ ಷರತ್ತೇನೆಂದು ಕೇಳಿದಳು.

“ಮನಷ್ಯಾರು ಓದಲಿ,” ಎಂದಳು ಶಿವಗಂಗವ್ವ. “ಆ ದನಿಯೊಳಗ ಉಸುರಿಲ್ಲ. ನಿಮ್ಮ ಧಣೀನ ಓದಲಿ. ಮಾರಾಂವಗ ತಾ ಏನ ಮಾರಾಕತ್ತೀನಿ ಅನ್ನೂದು ತಿಳೀಬೇಕಲ್ಲ.”

ಕಲಘಟಗಿಯವರು ವಕೀಲರನ್ನು ವಿಚಾರಿಸಿದರು. ವಕೀಲರು ಕಾಗದ ನೋಡಿ, ಕನ್ನಡಕ ತೆಗೆದು, ಓದಿಬಿಡಿ ಎಂದರು. ಹೀಗಾಗಿ ಸೋಮವಾರ ಬೆಳಿಗ್ಗೆ ಕಲಘಟಗಿಯವರು ಧ್ವನಿಮುದ್ರಣದ ಕೋಣೆಯಲ್ಲಿ, ಎದುರಿಗೆ ಪಂಕಜಾಳನ್ನು ಕೂರಿಸಿಕೊಂಡು ಆರಂಭಿಸಿದರು. ಮೊದಲ ತಾಸು ಸಿಡುಕುತ್ತ ಓದಿದರು. ಮೂರನೆಯದಕ್ಕೆ ಇದರ ಅರ್ಥವೇನೆಂದು ಕೇಳತೊಡಗಿದರು. ಏಳನೆಯದರಲ್ಲಿ ತಾವೇ ನಿಂತರು.

“ಇದನ್ನ ಈಗಷ್ಟ ಓದಿದ್ನಲ್ರೀ?”

ನಿಜವಾಗಿತ್ತು. ಒಂದೇ ಕೆಲಸವನ್ನು ಎರಡು ಸಲ ಹೇಳಲಾಗಿತ್ತು. ಬ್ಯಾಟರಿ ಬೇಗ ಮುಗಿಯುತ್ತಿದ್ದುದಕ್ಕೆ ಅದೇ ಕಾರಣ. ಅದನ್ನು ತೆಗೆಸಿದರು. ಈಗ ಕಲಘಟಗಿಯವರೂ ಕರ್ತೃಗಳಾದರು. ಷರತ್ತು ಹಾಕುವ ಹಕ್ಕು ಅವರಿಗೂ ಬಂತು. ಇನ್ನು ಮೇಲೆ ಮೂಲಲಿಪಿ ಯಾರಿಗೂ ಕೊಡತಕ್ಕದ್ದಲ್ಲ ಎಂದು ಬರೆಸಿದರೆ ಆ ಅಪರಿಚಿತನ ಷರತ್ತಿಗೂ ಇದಕ್ಕೂ ಜಗಳ ಕೋರ್ಟಿನಲ್ಲಿ ಹತ್ತು ವರ್ಷ, ಎಡಗಿವಿಗಳು ಅಲ್ಲಿಯವರೆಗೆ ಮೂಕ. ಪಂಕಜಾ ಪೆನ್ನು ಹಿಡಿದು ಕಾದಳು.

ಅವರು ಗಂಟಲು ಸವರಿಕೊಂಡರು.

“ಓದಾವ್ರಿಗೆ ನಡುನಡುವ ಚಹಾ ಕೊಡಬೇಕು. ಬರಕೋರಿ.”

ಮೂಲಶೋಧಕ ಅದನ್ನು ದಾಖಲಿಸಿಕೊಂಡಿತು. ಮರುದಿನ ಓದು ಮುಗಿದೊಡನೆ ಹಸಿರು ದೀಪ ಹಚ್ಚಿತು. ತಿದ್ದುಪಡಿ ದೂರದಿಂದಲೇ ಯಂತ್ರಗಳನ್ನು ತಲುಪಿ, ಸಂಜೆಯೊಳಗೆ ಹನ್ನೆರಡು ಸಾವಿರ ಎಡಗಿವಿಗಳು ತೆರೆದವು.

ಮುಂದಿನ ತಿಂಗಳು, ಅದೇ ಭಾಗವನ್ನು ಬಳಸುವ ಜಪಾನಿನ ಕಾರ್ಖಾನೆಯೊಂದರ ಪಾಲನಾಧಿಕಾರಿಯಿಂದ ವಿನಯದ ಪತ್ರ ಬಂತು. ತಮ್ಮ ಧಣಿಗಳು ಓದಲು ಕೂತಿದ್ದಾರೆ. ಚಹಾಕ್ಕೆ ಹಾಲು, ಸಕ್ಕರೆ ಕಡ್ಡಾಯವೇ ಎಂದು ಕರ್ತೃಗಳು ಸ್ಪಷ್ಟಪಡಿಸಬೇಕು. ಪಂಕಜಾ ಪತ್ರವನ್ನು ಕಲಘಟಗಿಯವರ ಮುಂದಿಟ್ಟಳು. ಅವರಿಗೆ ದನಿ ಇನ್ನೂ ಪೂರ್ತಿ ಮರಳಿರಲಿಲ್ಲ.

“ಅದನ್ನ ಕುಡಿಯಾವ್ರಿಗೆ ಬಿಡ್ರಿ,” ಎಂದರು. “ಎಲ್ಲಾ ನಾವ ಹಿಡಕೊಂಡ ಕುಂಡ್ರಾಕ ಆಗ್ತದೇನ್ರಿ?”