ಎಂಜಿನ್ನಿನ ಹಳದಿ ದೀಪ

ಯಾರಾದರೂ ದನಿ ಏರಿಸಿದರೆ ಗೊತ್ತಿದ್ದ ಮಾತೂ ನನ್ನೊಳಗೇ ಉಳಿಯುತ್ತದೆ. ಇವತ್ತೂ ಹಾಗೇ ಆದರೆ? ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದುಕೊಂಡೆ.

ಕೋಥರೂಡಿನ ನಮ್ಮ ಫ್ಲ್ಯಾಟಿನ ಊಟದ ಟೇಬಲ್ಲನ್ನು ವಾರದಿಂದ ಆಕ್ರಮಿಸಿದ್ದ ಸಾವಿರ ತುಂಡಿನ ಪಝಲ್ ಮುಗಿದಿತ್ತು. ಚಿತ್ರದಲ್ಲಿ ಘಟ್ಟ, ಹೊಗೆ, ಉಗಿಬಂಡಿ. ಆಕಾಶದ ತುಂಡುಗಳು ನಮ್ಮ ತಲೆ ತಿಂದಿದ್ದವು. ಆದರೂ ಒಂದೊಂದು ತುಂಡು ಟಕ್ಕೆಂದು ಕೂತಾಗ ಆದ ಖುಷಿ! ಈಗ ಎಂಜಿನ್ನಿನ ಹಣೆಯಲ್ಲೊಂದು ತೂತು. ದೀಪದ ತುಂಡು ಇಲ್ಲ.

"ಬೋರಮ್ಮಾ, ಮುಂಜಾನೆ ಕಸ ಹೊಡೆದಾಕಿ ನೀನ. ಎಲ್ಲೈತಿ?" ಅವ್ವ ಕೇಳಿದಳು.

"ನಾ ಟೇಬಲ್ ಮುಟ್ಟಿಲ್ರಿ ಅಕ್ಕಾರ. ಅದನ್ನ ಒಯ್ದು ಸಾರು ಮಾಡ್ಲೇನ್ರಿ?"

"ಎದುರಾಡ್ತಿ? ನಾಳಿಂದ ಬರಬ್ಯಾಡ!"

ಬೋರಮ್ಮನ ಮುಖ ಬಿಳಿಚಿತು. ನಿಗಡಿಯ ಮಗಳ ಮನೆಯಲ್ಲಿ ಬಾಣಂತನ ಮುಗಿಸಿ ಅವಳು ಮರಳಿದ್ದೇ ಇವತ್ತು. ಅಷ್ಟರಲ್ಲಿ ಬೇರೆ ಮನೆಗಳ ಕೆಲಸ ಕೈತಪ್ಪಿತ್ತು, ಉಳಿದದ್ದು ನಮ್ಮದೊಂದೇ.

ಅಪ್ಪ ಸೋಫಾದಲ್ಲಿ ಪೇಪರನ್ನು ಮಾರುದೂರ ಹಿಡಿದು, ಕಣ್ಣು ಕಿರಿದುಮಾಡಿ ಓದುತ್ತಿದ್ದರು. ದೌಂಡಿನಲ್ಲಿ ರೈಲ್ವೆ ಕ್ಲಾರ್ಕ್ ಆಗಿದ್ದವರು. ಈ ಪಝಲ್ ತಂದು ಪೆಟ್ಟಿಗೆ ತೆರೆದವರೂ ಅವರೇ.

"ಹೋಗ್ಲಿ ಬಿಡ, ಒಂದ ತುಂಡು."

"ಏನ್ ಬಿಡೂದು? ಹೋದ ಸಲ ಕೊನೇ ತುಂಡು ನಾ ಇಟ್ಟೆ ಅಂತ ಮಾರಿ ಉಬ್ಬಿಸ್ಕೊಂಡು ಕೂತಿದ್ರಿ!"

ನಾನು ಮುಂದೆ ಬಂದೆ.

"ಅವ್ವಾ, ನಾವು ಮೊದಲು ಯಾವ ತುಂಡು ಹುಡುಕ್ತೀವಿ?"

"ಅಂಚಿನವು. ಆಮ್ಯಾಲೆ ಬಣ್ಣ ಎದ್ದು ಕಾಣೂವು."

"ಆಕಾಶ?"

"ಕಡೇಕ. ಎಲ್ಲಾ ಒಂದ ನೀಲಿ. ಯಾಕ?"

"ಇಡೀ ಚಿತ್ರದಾಗ ಹಳದಿ ಅಂದ್ರ ಆ ದೀಪ ಒಂದ. ಮೊದಲ ದಿನಾನ ತುಂಡು ಹರವಿದ್ದ ಎಲ್ಲಾ ತಾಟಿನಾಗೂ ಹುಡುಕಿದೆ — ಇರಲಿಲ್ಲ. ಮುಂದ ಸಿಕ್ಕೀತು ಅಂದ್ಕೊಂಡೆ. ಆವತ್ತು ಬೋರಮ್ಮ ಎಲ್ಲಿದ್ಲು?"

ಅವ್ವ ತಡವರಿಸಿದಳು. "ನಿಗಡಿಯಾಗ..."

ಪೇಪರು ನಿಧಾನವಾಗಿ ಕೆಳಗಿಳಿಯಿತು.

"ಅಪ್ಪಾ, ಪೇಪರ್ ಓದ್ಲಿಕ್ಕೆ ಚಾಳೀಸು ಯಾಕ ಹಾಕ್ಕೊಂಡಿಲ್ರಿ?"

"ಅದು... ಸುಮ್ನ."

ಕಿಸೆಯಲ್ಲಿದ್ದ ಚಾಳೀಸಿನ ಡಬ್ಬಿಯನ್ನು ಅವರ ಅಂಗೈ ಮುಚ್ಚಿತು. ನಾನು ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

"ಆ ಡಬ್ಬಿ ತೆಗದ್ರ ದೀಪ ಕಾಣ್ತದ, ಅದಕ್ಕ. ಕೊನೇ ತುಂಡು ನೀವ ಇಡಬೇಕಂತ ಪೆಟಿಗಿ ತೆರೆದಾಗನ ಎತ್ತಿಟ್ರಿ. ಬೋರಮ್ಮನ ಮ್ಯಾಲೆ ಅಪವಾದ ಬಂದಾಗ ತೋರಿಸ್ಲಿಕ್ಕೆ ನಾಚಿಕಿ ಬಂತು. ಆಕಿ ಕೆಲಸಾ ಹೋಗೂದು ನೋಡ್ಕೋತ ಕೂತ್ರಿ. ತಪ್ಪು ನಿಮ್ಮದು, ಅಪ್ಪಾ."