ಒಳಹಿಡಿ ಇಲ್ಲದ ಬಾಗಿಲು

ಕಬ್ಬಿಣದ ರಾಡು ನನ್ನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಗಿ ಮೇಜಿಗೆ ಬಡಿಯಿತು.

“ಬಾಗಿಲು ತೆಗೀತೀಯೋ, ಈ ಡಬ್ಬಾನ ಪುಡಿ ಮಾಡ್ಲೋ?”

ಐಸ್‌ಕ್ರೀಮ್ ಗೋದಾಮಿನ ಧಣಿ. ಆರಡಿ ಆಳು, ಮೂರು ಆಳಿನ ಕೋಪ. ಡಬ್ಬಾ ಅಂದರೆ ಶೀತಕೋಣೆಯ ಬೀಗ ನಡೆಸುವ ಕಂಪ್ಯೂಟರ್.

“ಮಾಡಿ ಸಾರ್. ಆಮೇಲೆ ಬಾಗಿಲು ತೆಗೆಯೋಕೆ ನಿಮ್ಮ ತಾತ ಬರಬೇಕು!”

ರಾಡು ಕೆಳಗಿಳಿಯಿತು. ಶೀತಕೋಣೆಯ ಉಕ್ಕಿನ ಬಾಗಿಲಿನೆದುರು ಅದು ಆಗಲೇ ಸೋತು ಬಾಗಿತ್ತು.

ಕೋಣೆಯೊಳಗೆ ಸಿಕ್ಕಿಕೊಂಡಿದ್ದವನು ನನ್ನ ಭಾವ. ಅಕ್ಕನ ಗಂಡ. ಈ ಬೀಗದ ಸಾಫ್ಟ್‌ವೇರ್ ಬರೆದ ಮಹಾನುಭಾವ! ನಾನು ಅವನ ಸಹಾಯಕ. “ಇನ್ಮೇಲೆ ಎಲ್ಲಾ ಡಿಜಿಟಲ್” ಅಂತ ಒಳಗಿನ ಹಿಡಿಯನ್ನೂ ಕೀಳಿಸಿದ್ದ. ಅರ್ಧ ಗಂಟೆ ಹಿಂದೆ ಡಬ್ಬಾಕ್ಕೆ ಹೊಸ ಕರ್ನಲ್ ಹಾಕಿ, ಅದು ರೀಸ್ಟಾರ್ಟ್ ಆಗುವಷ್ಟರಲ್ಲಿ ಸೆನ್ಸರ್ ನೋಡಲು ಒಳಗೆ ಹೋಗಿದ್ದ. ಬಾಗಿಲು ಮುಚ್ಚಿಕೊಂಡಿತು. ಕೂಲಿಂಗ್ ಆಫ್ ಮಾಡಿಯಾಗಿತ್ತು, ಆದರೆ ಒಳಗಿನ ಚಳಿ ಅಷ್ಟು ಬೇಗ ಇಳಿಯುವಂಥದ್ದಲ್ಲ.

ಧಡ್... ಧಡ್... ಒಳಗಿನ ಬಡಿತ ನಿಧಾನವಾಗುತ್ತಿತ್ತು.

ಕರ್ನಲ್ ಅಂದರೆ ಕಂಪ್ಯೂಟರಿನ ಯಜಮಾನ. ಮಾಡ್ಯೂಲ್ ಅಂದರೆ ಬೀಗದ ಜೊತೆ ಮಾತಾಡುವ ಅವನ ಆಳು. ಹೊಸ ಯಜಮಾನ ಹಳೇ ಆಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮಾಡ್ಯೂಲನ್ನು ಮತ್ತೆ ಬಿಲ್ಡ್ ಮಾಡಿ, ಅಂದರೆ ಹೊಸ ಯಜಮಾನನಿಗೆ ಹೊಂದುವಂತೆ ತಯಾರಿಸಿ, ಪ್ಯಾಕೇಜ್ ಕಟ್ಟಬೇಕು. ಅದರ ಸರಂಜಾಮೆಲ್ಲ ಮಹಡಿಯಲ್ಲಿ, ಭಾವನ ಲ್ಯಾಪ್‌ಟಾಪಿನಲ್ಲಿ.

ಓಡಿದೆ. ರಾಡೂ ಹಿಂದೆಯೇ ಓಡಿ ಬಂತು.

ಬಿಲ್ಡ್ ಸಲೀಸಾಗಿ ಆಯಿತು. ಪೆನ್‌ಡ್ರೈವ್ ಹಿಡಿದು ಕೆಳಗಿಳಿದೆ. ಡಬ್ಬಾಕ್ಕೆ ಹಾಕಿದೆ.

‘ಮಾಡ್ಯೂಲ್ ಹೊಂದುವುದಿಲ್ಲ.’

“ಏನಂತೆ?”

“ಬೇಡವಂತೆ!”

ಮತ್ತೆ ಮೆಟ್ಟಿಲು. ಪ್ಯಾಕೇಜ್ ಕಟ್ಟಲು ಭಾವ ಬರೆದಿಟ್ಟಿದ್ದ ಆಜ್ಞೆಗಳ ಪಟ್ಟಿ, ಅವನ ಸ್ಕ್ರಿಪ್ಟ್, ತೆರೆದೆ. ತಪ್ಪಿದ್ದದ್ದು ಒಂದೇ ಸಾಲು... ‘ಈ ಮಷೀನಿನಲ್ಲಿ ಓಡುತ್ತಿರುವ ಕರ್ನಲ್ಲಿಗೆ ಬಿಲ್ಡ್ ಮಾಡು.’ ಈ ಮಷೀನ್ ಅಂದರೆ ಲ್ಯಾಪ್‌ಟಾಪ್! ತನ್ನ ಅಳತೆ ತೆಗೆದು ಗಿರಾಕಿಗೆ ಅಂಗಿ ಹೊಲಿಯುವ ದರ್ಜಿ ನನ್ನ ಭಾವ.

ಆ ಸಾಲು ಅಳಿಸಿ ಡಬ್ಬಾದ ಕರ್ನಲ್ ವರ್ಷನ್ ಬರೆದೆ. ಬಿಲ್ಡ್.

ಎರರ್! ಆ ಕರ್ನಲ್ಲಿನ ಹೆಡರ್ ಫೈಲುಗಳು, ಅಂದರೆ ಹೊಸ ಯಜಮಾನನ ಅಳತೆಪಟ್ಟಿ, ಲ್ಯಾಪ್‌ಟಾಪಿನಲ್ಲಿ ಇಲ್ಲ.

ಜೀವನದಲ್ಲಿ ಮೊದಲ ಸಲ ಎರರ್ ನೋಡಿ ಖುಷಿಯಾಯಿತು. ಈಗಲಾದರೂ ಸರಿಯಾದ ಯಜಮಾನನನ್ನು ಹುಡುಕುತ್ತಿದೆ! ಫೈಲುಗಳನ್ನು ಡೌನ್‌ಲೋಡಿಗೆ ಹಾಕಿದೆ. ಅಷ್ಟರಲ್ಲಿ ಫೋನ್. ಅಕ್ಕ.

“ಎಲ್ಲೋ ಅವರು? ಫೋನೇ ಎತ್ತುತ್ತಿಲ್ಲ!”

“ತಣ್ಣಗೆ ಕೂತಿದ್ದಾರೆ ಅಕ್ಕಾ...”

“ಅವರಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ!”

ಫೋನ್ ಇಟ್ಟೆ. ಆಗ ಗಮನಿಸಿದೆ. ಕೆಳಗಿನ ಬಡಿತ ನಿಂತಿತ್ತು.

ಧಣಿ ಮೆಟ್ಟಿಲ ಬಳಿ ಓಡಿ ಕೆಳಗೆ ಕಿವಿಗೊಟ್ಟ. ನನಗೂ ಭಯವಾಯಿತು. ಎಷ್ಟೇ ಹೊಟ್ಟೆ ಉರಿಸಿದರೂ ಅವನು ಅಕ್ಕನ ಗಂಡ.

ಡೌನ್‌ಲೋಡ್ ಮುಗಿಯಿತು. ಬಿಲ್ಡ್. ಎರರ್ ಇಲ್ಲ! ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದೆ. ಡಬ್ಬಾಕ್ಕೆ ಹಾಕಿದೆ.

ಕ್ಲಿಕ್.

ಬಾಗಿಲು ತೆರೆಯಿತು. ಭಾವ ನಮ್ಮ ಕಾಲ ಬಳಿ ಮಗುಚಿಬಿದ್ದ. ಹುಬ್ಬಿನ ಮೇಲೆ ಹಿಮ, ತುಟಿ ನೀಲಿ. ಉಸಿರಾಡುತ್ತಿದ್ದ. ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟೆ.

“ಏನಾಗಿತ್ತೋ?” ಹಲ್ಲು ಕಟಕಟ ಅನ್ನುತ್ತಿದ್ದವು.

“ನಿಮ್ಮ ಸ್ಕ್ರಿಪ್ಟಲ್ಲಿ ತಪ್ಪಿತ್ತು ಭಾವ.”

“ಸಾಧ್ಯನೇ ಇಲ್ಲ! ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿತ್ತು!”

ಧಣಿ ನನ್ನ ಮುಖ ನೋಡಿದ. ಆಮೇಲೆ ರಾಡನ್ನು ಕೆಳಗಿಟ್ಟು, ಭಾವ ಮತ್ತೆ ಒಳಗೆ ಹೋಗಲೆಂದು ಶೀತಕೋಣೆಯ ಬಾಗಿಲನ್ನು ತೆರೆದು ಹಿಡಿದ.