ಬಾನ್ಯೋಲಿಯ ಹೆಬ್ಬೆಟ್ಟು

ಗೋಡೆಗೆ ಏರಲಿದ್ದ ಆ ಫೋಟೋದ ಬೆಲೆ ಹನ್ನೊಂದು ಸಾವಿರ ಯೂರೊ. ಅದರ ಚೌಕಟ್ಟಿಗೆ ನೂರ ನಲವತ್ತು. ಅದರಲ್ಲಿ ಕೂಲಿ ಮೂವತ್ತೈದು. ಆ ಮೂವತ್ತೈದು ನೆವಿಯೋ ತರೋಝಿಯದು.

ನೆವಿಯೋ ಹುಟ್ಟಾ ಚೌಕಟ್ಟು ಕಟ್ಟುವವನಲ್ಲ. ಕಾರ್ ರೇಸುಗಳ ಫೋಟೋ ತೆಗೆದು ಇಟಲಿಯ ಮೊಡೆನಾದಲ್ಲೆಲ್ಲ ಹೆಸರಾದ ಎರ್ಮೆತೆ ಬಾನ್ಯೋಲಿಯ ಡಾರ್ಕ್‌ರೂಮಿನಲ್ಲಿ ಮೂವತ್ತು ವರ್ಷ ಪ್ರಿಂಟು ಹಾಕಿದವನು. ಬಾನ್ಯೋಲಿ ಸತ್ತ ಮೇಲೆ ಆ ಕೆಲಸವೂ ಸತ್ತಿತು. ಈಗ ಪುರಸಭೆಯವರು ಹಳೆಯ ಕುದುರೆಲಾಯದಲ್ಲಿ ಬಾನ್ಯೋಲಿಯ ನಲವತ್ತು ಫೋಟೋಗಳ ಪ್ರದರ್ಶನ ಇಡಲು ಹೊರಟಿದ್ದರು. ನಲವತ್ತೂ ನೆವಿಯೋ ಬರುವುದಕ್ಕೆ ಮುಂಚಿನವು, ಬಾನ್ಯೋಲಿ ತನ್ನ ಕೈಯಾರೆ ತೊಳೆದವು ಎಂದು ಬೆಲೆ. ಅದೇ ನೆಗೆಟಿವ್‌ಗಳಿಂದ ನೆವಿಯೋ ಹಾಕಿದ ಪ್ರಿಂಟುಗಳು ಇನ್ನೂ ಚೊಕ್ಕ. ಅವು ಶೌಚಾಲಯದ ದಾರಿಯಲ್ಲಿ, ತಲಾ ಎಂಬತ್ತು ಯೂರೊಗೆ.

ಪ್ರದರ್ಶನದ ಮೇಲ್ವಿಚಾರಕಿ ಫಿಯೊರೆಂಜಾ ಗ್ವಾಲ್ದಿಯನ್ನು ಅವನು ಕೇಳಿದ್ದ. ಓದಿದವರನ್ನೆಲ್ಲ ಡಾಕ್ಟರೇ ಅನ್ನುವ ಊರು.

"ಡಾಕ್ಟರೇ, ಆ ದಾರಿಯಲ್ಲಿರೋದಕ್ಕಾದ್ರೂ ಒಂದು ಸಾಲು ಹಾಕ್ಸಿ. 'ಪ್ರಿಂಟು: ತರೋಝಿ' ಅಂತ."

"ಚೀಟೀಲಿ ಜಾಗ ಎಲ್ಲಿದೆ ನೆವಿಯೋ? ಊಟಕ್ಕೆ ಹೋದವರು ಅಡುಗೆಯವರ ಹೆಸರು ಕೇಳ್ತಾರಾ?"

"ಅಡುಗೆಗೇ ಹೆಸರಾದ ಈ ಊರಲ್ಲಿ ಇನ್ನೇನು ಕೇಳ್ತಾರೆ?" ಅಂದ ನೆವಿಯೋ. ಅವಳು ನಕ್ಕು ಫೋನ್ ಎತ್ತಿಕೊಂಡಳು.

ಆ ನಗು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಚೌಕಟ್ಟು ಕಟ್ಟಲು ನಲವತ್ತೂ ಫೋಟೋಗಳು ಒಂದು ತಿಂಗಳು ಅವನ ಅಂಗಡಿಯಲ್ಲೇ ಇರಲಿದ್ದವು. ಒಂದು ತಿಂಗಳು ಸಾಕು.

ನಕಲು ಮಾಡಲು ಆರಿಸಿಕೊಂಡದ್ದು ಸಾವಿರದೊಂಬೈನೂರ ಐವತ್ನಾಲ್ಕರ ಫೋಟೋ. ಊರ ತಿರುವಿನಲ್ಲಿ ಕಾರು ವಾಲಿದೆ; ಚಾಲಕ ಒಂದು ಕೈಯಿಂದ ಕನ್ನಡಕದ ಕೆಸರು ಒರೆಸುತ್ತಿದ್ದಾನೆ; ಹಿಂದೆ ಕ್ಷೌರದಂಗಡಿಯ ಬಾಗಿಲಲ್ಲಿ ಕತ್ತಿ ಹಿಡಿದ ಕ್ಷೌರಿಕ, ಅವನ ಪಕ್ಕ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡೇ ಓಡಿಬಂದ ಗಿರಾಕಿ. ಅದರ ನೆಗೆಟಿವ್ ನೆವಿಯೋನ ಪೆಟ್ಟಿಗೆಯಲ್ಲಿತ್ತು. ಅಸಲನ್ನು ಗಡಿಯಾಚೆಯ ಲುಗಾನೋದ ವ್ಯಾಪಾರಿಯೊಬ್ಬ ಎಂಟು ಸಾವಿರಕ್ಕೆ, ಎಲ್ಲಿಂದ ಬಂತೆಂದು ಕೇಳದೆ, ಕೊಳ್ಳುವವನಿದ್ದ. ನಕಲು ಗೋಡೆಗೆ ಏರಲಿತ್ತು. ಪಂಡಿತರೆಲ್ಲ ಬಂದು ತರೋಝಿಯ ಪ್ರಿಂಟಿಗೆ ಹನ್ನೊಂದು ಸಾವಿರದ ಮರ್ಯಾದೆ ಕೊಡಲಿದ್ದರು. ಹಣಕ್ಕಿಂತ ಅದೇ ಅವನಿಗೆ ಸಿಹಿ.

ಹೊಸ ಕಾಗದ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ, ಆ ಕಾಲದ್ದು ಹೊಳೆಯುವುದಿಲ್ಲ. ಬಾನ್ಯೋಲಿಯ ನೆಲಮಾಳಿಗೆಯಿಂದ ಹಿಂದೆಂದೋ ತಂದಿಟ್ಟ ಆ ಕಾಲದ ಕಾಗದ ಒಂದು ಡಬ್ಬ ಅವನಲ್ಲಿತ್ತು. ಹನ್ನೊಂದು ಹಾಳೆ ಮಬ್ಬುಗಟ್ಟಿ ಕೆಟ್ಟವು. ಹನ್ನೆರಡನೆಯದು ಕಣ್ಣಿಗೆ ತಂಪಾಯಿತು. ಹಿಂಬದಿಯ ಪೆನ್ಸಿಲ್ ಬರಹವನ್ನು ಎಡಗೈಯಲ್ಲಿ ನಕಲಿಸಿದ, ಬಾನ್ಯೋಲಿ ಎಡಚ. ರಬ್ಬರ್ ಮುದ್ರೆ ಮೊದಲೇ ಅವನ ಬಳಿ ಇತ್ತು.

ಉಳಿದದ್ದು ಹೆಬ್ಬೆಟ್ಟು. ಬಾನ್ಯೋಲಿಯ ಹಳೆಯ ಪ್ರಿಂಟುಗಳ ಅಂಚಿನಲ್ಲೆಲ್ಲ ಒಂದು ಕಂದು ಹೆಬ್ಬೆಟ್ಟು ಇದೆ. ಚಿತ್ರ ಅಳಿಯದಂತೆ ಮಾಡುವ ಹೈಪೋ ದ್ರಾವಣದಲ್ಲಿ ಅದ್ದಿದ ಕೈಯಲ್ಲಿ ಪ್ರಿಂಟು ಎತ್ತಿದಾಗ ಬಿದ್ದ ಕಲೆ. ಕೊಳ್ಳುವವರು ಅದನ್ನು ಯಜಮಾನರ ಮೊಹರು ಎನ್ನುತ್ತಾರೆ. ಅದು ಕಾಣಲೆಂದೇ ಫಿಯೊರೆಂಜಾ ಅಂಚು ಮುಚ್ಚದೆ ಚೌಕಟ್ಟು ಹಾಕಲು ಹೇಳಿದ್ದಳು. ನೆವಿಯೋ ಭೂತಗನ್ನಡಿ ಹಿಡಿದು ನೋಡಿದ. ಬೆರಳ ತುದಿಯಷ್ಟೇ ಬಿದ್ದಿತ್ತು; ಅಡ್ಡಕ್ಕೆ ಕೂದಲೆಳೆಯಂಥ ಬಿಳಿ ಗೆರೆ. ಕಾಗದದ ಗೀರು ಅಂದುಕೊಂಡ. ತನ್ನ ಹೆಬ್ಬೆರಳ ತುದಿಯನ್ನು ಹೈಪೋದಲ್ಲಿ ಅದ್ದಿ ಒತ್ತಿ, ಒಂಬತ್ತು ದಿನ ಬೆಚ್ಚಗಿನ ಗೂಡಿನಲ್ಲಿಟ್ಟು ಕಂದಾಗಿಸಿದ. ಸತ್ತವನ ಬೆರಳಿನ ಸುಳಿ ಎಣಿಸುವವರು ಯಾರು?

ಫಿಯೊರೆಂಜಾ ದೀಪ ಹಿಡಿದು ನಲವತ್ತನ್ನೂ ಪರೀಕ್ಷಿಸಿ ಸಹಿ ಹಾಕಿದಳು. ಅಸಲು ಅವನ ಮನೆಯಲ್ಲಿ, ಹಳೆಯ ಕ್ಯಾಲೆಂಡರಿನ ಎರಡು ಹಾಳೆಗಳ ನಡುವೆ ಮಲಗಿತ್ತು. ವ್ಯಾಪಾರಿ ಗುರುವಾರ ಬರುವವನು.

ಮಂಗಳವಾರ ಬೆಳಿಗ್ಗೆ ಉದ್ಘಾಟನೆ. ಬಾನ್ಯೋಲಿಯ ಹೆಂಡತಿ ಝೆಲಿಂಡಾ ಊರುಗೋಲು ಊರಿಕೊಂಡು ಬಂದಳು. ನೆವಿಯೋನ ಮಟ್ಟಿಗೆ ಅವಳೆಂದರೆ ಮೂವತ್ತು ವರ್ಷ ದಿನಕ್ಕೆರಡು ಸಲ ಡಾರ್ಕ್‌ರೂಮಿಗೆ ಬಂದ ಕಾಫಿ. ಅದರ ಜೊತೆಗೆ ಒಮ್ಮೊಮ್ಮೆ, "ಇನ್ನೆರಡು ಸೆಕೆಂಡು ಬಿಡು, ಕಪ್ಪು ಏರ್ಲಿ," ಅನ್ನುತ್ತಿದ್ದಳು. ಹೆಂಗಸಿಗೇನು ಗೊತ್ತು ಎಂದು ಅವನು ನಕ್ಕು ಖಾಲಿ ಲೋಟ ವಾಪಸು ಕೊಡುತ್ತಿದ್ದ.

ಕ್ಷೌರಿಕನ ಫೋಟೋದ ಮುಂದೆ ಅವಳು ಬಹಳ ಹೊತ್ತು ನಿಂತಳು. ಪಕ್ಕದಲ್ಲೇ ನೆವಿಯೋ ಇದ್ದ.

"ಯಜಮಾನರ ಮೊಹರು ನೋಡಿ ಸಿನ್ಯೋರಾ," ಅಂದಳು ಫಿಯೊರೆಂಜಾ.

"ಯಾವ ಯಜಮಾನ? ಎರ್ಮೆತೆಗೆ ಹೈಪೋ ಮುಟ್ಟಿದ್ರೆ ಕೈಯೆಲ್ಲ ಬೊಬ್ಬೆ. ಈ ಪುಣ್ಯಾತ್ಮ ಬರೋವರೆಗೂ ತೊಳೆದದ್ದು ನಾನು. ಹೆಂಗಸು ತೊಳೆದದ್ದು ಅಂದ್ರೆ ಪತ್ರಿಕೆಯವರು ಕಾಸು ಕಡಿಮೆ ಮಾಡ್ತಾರೆ ಅಂತ ಬಾಯಿ ಮುಚ್ಚಿಸಿದ್ದ." ಅವಳು ನೆವಿಯೋನತ್ತ ತಿರುಗಿದಳು. "ನಿನ್ನ ಹೆಬ್ಬೆಟ್ಟು ತೋರ್ಸು ಮಾರಾಯ."

ಅವನು ಕೈ ಜೇಬಿಗೆ ಹಾಕಿಕೊಂಡ. ಅವಳು ತನ್ನ ಹೆಬ್ಬೆರಳನ್ನೇ ಪಕ್ಕದ ಚೌಕಟ್ಟಿನ ಗಾಜಿಗೆ ಹಿಡಿದಳು. ಒಂಬತ್ತನೇ ವಯಸ್ಸಿನಲ್ಲಿ ನಾದಿದ ಹಿಟ್ಟು ಕತ್ತರಿಸುವ ಚಾಕು ತಾಗಿದ ಗಾಯದ ಗೆರೆ ಬೆರಳಿಗೆ ಅಡ್ಡವಾಗಿತ್ತು. ಗಾಜಿನೊಳಗಿನ ಕಲೆಯಲ್ಲೂ ಅದೇ ಗೆರೆ. ಮೂವತ್ತೊಂಬತ್ತು ಚೌಕಟ್ಟುಗಳಲ್ಲೂ ಅದೇ. ಕ್ಷೌರಿಕನ ಫೋಟೋದಲ್ಲಿ ಮಾತ್ರ ಗೆರೆ ಇಲ್ಲ. ಎಲ್ಲವನ್ನೂ ಕಟ್ಟಿದವನು ನೆವಿಯೋ. ಒಂದರ ಹೆಬ್ಬೆಟ್ಟನ್ನಾದರೂ ಇನ್ನೊಂದರ ಪಕ್ಕ ಇಟ್ಟು ನೋಡಿರಲಿಲ್ಲ. ಮಧ್ಯಾಹ್ನದೊಳಗೆ ಪೊಲೀಸರು ಕ್ಯಾಲೆಂಡರ್ ಬಿಚ್ಚಿದರು. ಠಾಣೆಯ ಕಾಗದದಲ್ಲಿ ಬರೆದರು: ಪ್ರಿಂಟು, ನೆವಿಯೋ ತರೋಝಿ. ಹೋದದ್ದು ಎಂಟು ಸಾವಿರ, ಅಂಗಡಿ, ಝೆಲಿಂಡಾಳ ಕಾಫಿ. ಸಿಕ್ಕಿದ್ದು ಆ ಒಂದು ಸಾಲು.